ಕೊಟ್ಟವರ ಬೆಂಚು

ನಮ್ಮೂರಿನಲ್ಲಿ ನೆಗಡಿಯನ್ನು ಒಬ್ಬರೇ ವಾಸಿ ಮಾಡಿಕೊಳ್ಳಲು ಆಗುವುದಿಲ್ಲ. ಕೊಟ್ಟವರು ಪಕ್ಕದಲ್ಲಿ ಕೂರಬೇಕು. ಆಸ್ಪತ್ರೆಯ ಹಜಾರದಲ್ಲಿ ಹಲಸಿನ ಮರದ ಉದ್ದನೆಯ ಬೆಂಚಿದೆ. ಅದರ ಮೇಲೆ ಕಾಯಿಲೆ ಕೊಟ್ಟವರು ಎಡಕ್ಕೆ, ಪಡೆದವರು ಬಲಕ್ಕೆ ಕೂತು ಇಬ್ಬರೂ ಒಟ್ಟಿಗೆ ಮದ್ದು ತೆಗೆದುಕೊಂಡರೆ ಕಾಯಿಲೆ ಬಿಡುತ್ತದೆ. ಒಬ್ಬರೇ ನುಂಗಿದರೆ ಮಾತ್ರೆ ಕಲ್ಲುಸಕ್ಕರೆಯ ಹಾಗೆ ಕರಗಿಹೋಗುತ್ತದೆಯೇ ಹೊರತು ಕಾಯಿಲೆ ಕದಲುವುದಿಲ್ಲ. ಬೇರೆ ಊರುಗಳಲ್ಲಿ ಹೀಗಿಲ್ಲವಂತೆ. ಅಲ್ಲಿ ಜನ ತಮ್ಮ ಕೆಮ್ಮು ಯಾರದೆಂದು ತಿಳಿಯದೆಯೇ ಗುಣವಾಗಿ ಮನೆಗೆ ಹೋಗುತ್ತಾರಂತೆ. ಅದೆಂಥ ಅನಾಗರಿಕ ಬದುಕೋ, ನನಗಂತೂ ಊಹಿಸಲು ಆಗುವುದಿಲ್ಲ.

ಹಾಗಾಗಿ ನಮ್ಮಲ್ಲಿ ಕಾಯಿಲೆ ಬಂತೆಂದರೆ ಒಂದು ಮರ್ಯಾದೆಯಿದೆ. ತಟ್ಟೆಯಲ್ಲಿ ಎಲೆ ಅಡಿಕೆ, ಎರಡು ಬಾಳೆಹಣ್ಣು ಇಟ್ಟುಕೊಂಡು ಕೊಟ್ಟವರ ಮನೆಗೆ ಹೋಗಿ, ಈ ಕಜ್ಜಿ ತಮ್ಮದೇ ಅನ್ನಿಸುತ್ತೆ, ದೊಡ್ಡ ಮನಸ್ಸು ಮಾಡಿ ಬೆಂಚಿಗೆ ಬರಬೇಕು ಎಂದು ಕರೆಯಬೇಕು. ಕರೆದರೆ ಇಲ್ಲವೆನ್ನುವಂತಿಲ್ಲ. ಬಂದವರನ್ನು ಬೈಯುವಂತಿಲ್ಲ. ಬೆಂಚಿನ ಮೇಲೆ ಕೂತವರಿಗೆ ಬಿಸಿ ಕಾಫಿ ಕೊಡಬೇಕು, ಯೋಗಕ್ಷೇಮ ವಿಚಾರಿಸಬೇಕು. ಎಷ್ಟೋ ಮನೆಗಳ ನಂಟು ಹೀಗೆ ಮಂಗನಬಾವಿನಿಂದ ಶುರುವಾಗಿ ಮದುವೆಯಲ್ಲಿ ಮುಗಿದದ್ದಿದೆ. ಅಂಥವರನ್ನು ನಾವು ನೆಗಡಿ ಬೀಗರು ಅನ್ನುತ್ತೇವೆ.

ಕೊಟ್ಟವರು ಯಾರೆಂದು ತಿಳಿಯದಿದ್ದಾಗ ಕೂಗಿಸಬೇಕು. ಕೂಗುವ ಕೆಲಸ ನನ್ನ ತಮ್ಮ ಗುರುಮಲ್ಲನದು. ಅವನ ಆಟೊದ ನೆತ್ತಿಗೆ ಎರಡು ಹಾರ್ನ್, ಒಳಗೆ ಮೈಕು. ಮದುವೆಗಳಿಗೆ ಮೈಕ್‌ಸೆಟ್ ಹಾಕುವುದು ಅವನ ಕಸುಬು. ಉಳಿದ ಹೊತ್ತು ಬೀದಿ ಬೀದಿ ತಿರುಗಿ ಕೂಗುತ್ತಾನೆ. "ಮಹಾಜನಗಳೇ, ಗಾಣದ ಬೀದಿಯ ಸಾವಿತ್ರಮ್ಮನವರಿಗೆ ಕಣ್ಣು ಬಂದಿದೆ. ಕೊಟ್ಟವರು ಯಾರೇ ಆಗಿರಲಿ, ದಯಮಾಡಿ ಬೆಂಚಿಗೆ ಬರಬೇಕಾಗಿ ವಿನಂತಿ. ಬೈಗುಳ ಇಲ್ಲ, ಕಾಫಿ ಉಂಟು." ಆ ಕೊನೆಯ ಮಾತನ್ನು ಅವನು ಎಷ್ಟು ಇಂಪಾಗಿ ಎಳೆಯುತ್ತಾನೆಂದರೆ, ತೊಟ್ಟಿಲ ಮಕ್ಕಳು ಕೂಡ ಅಳು ನಿಲ್ಲಿಸುತ್ತವೆ. ಎಂಥ ಬಿಗಿಮೂತಿಯವನೂ ಆ ದನಿಗೆ ಕರಗಿ, ಹೌದಪ್ಪ, ನನ್ನದೇ ಇರಬೇಕು ಎಂದು ಚಪ್ಪಲಿ ಮೆಟ್ಟಿ ಹೊರಡುತ್ತಾನೆ.

ಆದರೆ ಕೂಗುವವನ ಸ್ವಂತ ಕಥೆ ಬೇರೆ. ಗುರುಮಲ್ಲ ಹುಟ್ಟಿದಾಗಿನಿಂದ ಒಂದೇ ಒಂದು ಕಾಯಿಲೆಯನ್ನೂ ತನ್ನದೆಂದು ಒಪ್ಪಿದವನಲ್ಲ. ಮಕ್ಕಳು ಅಮ್ಮ ಅನ್ನುವ ವಯಸ್ಸಿಗೆ ಅವನು ನಂದಲ್ಲ ಅಂದವನು. ನನಗೆ ಮಂಗನಬಾವು ಕೊಟ್ಟು, ತನ್ನ ಕೆನ್ನೆ ಬನ್ನಿನ ಹಾಗೆ ಊದಿಕೊಂಡಿದ್ದಾಗಲೂ ನಂದಲ್ಲ, ಇದು ಹುಟ್ಟಾ ಕೆನ್ನೆ ಅಂದ. ಶಾಲೆಯ ಗ್ರೂಪ್ ಫೋಟೊದಲ್ಲಿ ನಾನು ಇವತ್ತಿಗೂ ಬೂದುಗುಂಬಳದ ಹಾಗೆ ಕೂತಿದ್ದೇನೆ. ಕೊನೆಗೆ ಅವನು ನಿದ್ದೆ ಮಾಡುತ್ತಿದ್ದಾಗ ಅಪ್ಪ ಹೊತ್ತುಕೊಂಡು ಹೋಗಿ ಬೆಂಚಿನ ಮೇಲೆ ಮಲಗಿಸಿ ಇಬ್ಬರ ಬಾಯಿಗೂ ಮದ್ದು ಹುಯ್ದದ್ದು. ಮನೆಗೆ ಮಾರಿ ಊರಿಗೆ ಉಪಕಾರಿ ಅನ್ನುತ್ತಾರಲ್ಲ, ಆ ಗಾದೆಗೆ ಚೌಕಟ್ಟು ಹಾಕಿಸಿದರೆ ಒಳಗೆ ಇವನ ಫೋಟೊ ಇಡಬಹುದು.

ಗಂಡ ತೀರಿಕೊಂಡ ಮೇಲೆ ನಾನು ಗುರುಮಲ್ಲನ ಮನೆಯಲ್ಲೇ ಇದ್ದೇನೆ. ಅವನ ಹೆಂಡತಿ ಪ್ರಭಾಮಣಿ ನನ್ನನ್ನು ಅತ್ತಿಗೆ ಅನ್ನುತ್ತಾಳೆ. ಬೇರೆ ಮನೆಗಳ ಅತ್ತಿಗೆಯರ ಹಾಗೆ ನಾನೂ ಅವಳ ಮೇಲೆ ದರ್ಬಾರು ನಡೆಸಬಹುದಿತ್ತು. ಆದರೆ ಅವಳ ಕೈಯ ಹುಳಿ ಉಂಡವರಿಗೆ ದರ್ಬಾರು ಮಾಡುವ ಮನಸ್ಸು ಬರುವುದಿಲ್ಲ. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು, ನಕ್ಕರೆ ಮಾತ್ರ ಪಾತ್ರೆ ಬಿದ್ದ ಹಾಗೆ ನಗುತ್ತಾಳೆ. ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ಅವಳು ಬಸುರಿಯಾಗಿದ್ದಳು. ಸೀಮಂತ ಮುಗಿದಿತ್ತು. ಅಂಥ ಹೊತ್ತಿನಲ್ಲಿ ಗುರುಮಲ್ಲನಿಗೆ ಉಷ್ಣವಾಯಿತು.

ಉಷ್ಣ ಅಂದದ್ದು ಅವನು. ಮೂತ್ರಕ್ಕೆ ಹೋದರೆ ಬಚ್ಚಲಿನಿಂದ ದೇವರ ಹೆಸರುಗಳೆಲ್ಲ ಸಾಲಾಗಿ ಕೇಳಿಸುತ್ತಿದ್ದವು, ನಮ್ಮ ಮನೆದೇವರು ಮಾದಪ್ಪನಿಂದ ಹಿಡಿದು ನಾವು ಕಂಡರಿಯದ ದೇವರುಗಳವರೆಗೆ. ನಾನು ನೆತ್ತಿಗೆ ಹರಳೆಣ್ಣೆ ತಟ್ಟಿದೆ. ಪ್ರಭಾಮಣಿ ಹೆಸರುಬೇಳೆ ಪಾನಕ ಮಾಡಿದಳು, ಎಳನೀರು ತರಿಸಿದಳು, ಕಾಮಕಸ್ತೂರಿ ಬೀಜ ನೆನೆಹಾಕಿದಳು. ಅವನು ಎಲ್ಲವನ್ನೂ ಕುಡಿದ. ಕುಡಿದಷ್ಟೂ ಬಚ್ಚಲಿಗೆ ಹೋಗಬೇಕು, ಹೋದಷ್ಟೂ ದೇವರನ್ನು ಕರೆಯಬೇಕು. ಅದರ ನಡುವೆ ಅವನು ತನ್ನ ಚಡ್ಡಿಯನ್ನು ತಾನೇ ಒಗೆಯಲು ಶುರುಮಾಡಿದ. ಕರ್ಚೀಫು ಹಿಂಡಿ ಗೊತ್ತಿಲ್ಲದ ಗಂಡಸು ಹಿತ್ತಲಲ್ಲಿ ಕುಕ್ಕರುಗಾಲಲ್ಲಿ ಕೂತು ಸೋಪು ತಿಕ್ಕುತ್ತಿದ್ದರೆ, ಬುದ್ಧಿಯಿರುವ ಹೆಂಗಸಿಗೆ ಅನುಮಾನ ಬರಬೇಕು. ನಾನು, ಬಸುರಿ ಹೆಂಡತಿಗೆ ನೆರವಾಗುತ್ತಿದ್ದಾನಲ್ಲ ಎಂದು ಮೆಚ್ಚಿಕೊಂಡೆ.

ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟರ್ ಜೆಸಿಂತಾ ಬೇರೆ ಊರಿನವರು, ಇನ್ನೂ ಬೆಂಚಿಗೆ ಒಗ್ಗುತ್ತಿದ್ದರು. ಗುರುಮಲ್ಲ ಅವರ ಹತ್ತಿರ ಹೋದ. ಅವರು ಬಾಗಿಲು ಹಾಕಿಕೊಂಡು ನೋಡಿ, ಪರೀಕ್ಷೆಗೆ ಕಳಿಸಿ, ಏನಾಗಿದೆ ಎಂದು ಬಿಡಿಸಿ ಹೇಳಿ, ಇದಕ್ಕೆ ಒಂದು ಸೂಜಿ ಸಾಕು, ಆದರೆ ನಿಮ್ಮ ಹೆಂಡತಿಯನ್ನೂ ಕರೆತನ್ನಿ, ಇನ್ನು ಯಾರ ಜೊತೆ ಮಲಗಿದ್ದಿರೋ ಅವರನ್ನೂ ಕರೆತನ್ನಿ ಅಂದಿದ್ದರಂತೆ. ಇದೆಲ್ಲ ಆಮೇಲೆ ಅವನ ಬಾಯಿಂದಲೇ ಬಂದದ್ದು. ಆಗ ಅವನು ಆಗಲಿ ಮೇಡಂ ಎಂದು ತಲೆಯಾಡಿಸಿ ಬಂದು, ಆಟೊದ ಸೀಟು ಬಿಚ್ಚಿದ.

ಬಿಸಿಲಿಗೆ ಕಾದ ಸೀಟಿನ ಮೇಲೆ ಕೂತು ಕೂತು ಉಷ್ಣ ಏರಿದೆ, ಹಾಗಾಗಿ ಕೊಟ್ಟದ್ದು ಸೀಟು ಎಂಬುದು ಅವನ ವಾದ. ಸೀಟನ್ನು ಹೆಗಲ ಮೇಲೆ ಹೊತ್ತು, ಮುಂದೆ ಎಲೆ ಅಡಿಕೆಯ ತಟ್ಟೆ ಹಿಡಿದು ಆಸ್ಪತ್ರೆಗೆ ಹೋಗಿ ಬೆಂಚಿನ ಎಡಕ್ಕೆ ಇಟ್ಟ. ಊರಿನ ಪದ್ಧತಿಗೆ ಎದುರಾಡಬೇಡಿ ಎಂದು ಮೇಲಿನವರು ಡಾಕ್ಟರಮ್ಮನಿಗೆ ಹೇಳಿಕಳಿಸಿದ್ದರು. ರೋಗಿ ಯಾರನ್ನು ಕೊಟ್ಟವರೆಂದು ಕರೆತರುತ್ತಾನೋ ಅವರೇ ಕೊಟ್ಟವರು. ಅವರು ಸೀಟನ್ನು ನೋಡಿದರು, ಗುರುಮಲ್ಲನನ್ನು ನೋಡಿದರು, ಒಂದು ನಿಟ್ಟುಸಿರು ಬಿಟ್ಟು ಇಬ್ಬರಿಗೂ ಚುಚ್ಚಿದರು. ಸೀಟು ಹಲ್ಲು ಕಚ್ಚದೆ, ಕಣ್ಣು ಮುಚ್ಚದೆ ಸೂಜಿ ತೆಗೆದುಕೊಂಡಿತು. ಅದರ ಮುಂದೆ ಇಟ್ಟ ಕಾಫಿ ಆರಿಹೋಯಿತು. ಉರಿ ಮಾತ್ರ ಎಳ್ಳಷ್ಟೂ ಇಳಿಯಲಿಲ್ಲ.

ಹಾಗಾದರೆ ಕೊಟ್ಟದ್ದು ಕಮೋಡು ಅಂದ. ನಾಲೆಯಾಚೆಯ ಛತ್ರದಲ್ಲಿ ಮದುವೆಗೆ ಮೈಕು ಹಾಕಲು ಹೋದಾಗ ಅಲ್ಲಿಯ ಕಮೋಡಿನ ಮೇಲೆ ಕೂತಿದ್ದೆ, ಅದರಿಂದಲೇ ಬಂತು ಅಂದ. ತಟ್ಟೆ ಹಿಡಿದು ಹೋದ. ಛತ್ರದ ಯಜಮಾನರಿಗೆ ಬಹಳ ನೋವಾಯಿತು. ನಮ್ಮ ಕಮೋಡು ಅಂಥದ್ದಲ್ಲ, ಒಳ್ಳೇ ಮನೆತನದವರೆಲ್ಲ ಕೂತೆದ್ದದ್ದು, ಇವತ್ತಿನವರೆಗೆ ಒಂದು ಮಾತು ಬಂದಿಲ್ಲ ಎಂದು ಕಣ್ಣೊರೆಸಿಕೊಂಡರು. ಆದರೆ ತಾಂಬೂಲ ತಂದವರನ್ನು ಬರಿಗೈಲಿ ಕಳಿಸುವಂತಿಲ್ಲ. ಬೋಲ್ಟು ಬಿಚ್ಚಿ, ತೊಳೆದು, ತಳ್ಳುಗಾಡಿಯಲ್ಲಿಟ್ಟು ಕಳಿಸಿಕೊಟ್ಟರು. ಸೇತುವೆ ದಾಟಿ ಕಮೋಡು ಊರೊಳಗೆ ಬಂದಾಗ ಜನ ಬಾಗಿಲಿಗೆ ಬಂದು ಕೈ ಮುಗಿದರು, ಕೊಟ್ಟವರು ಯಾರಾದರೂ ಮರ್ಯಾದೆ ಮರ್ಯಾದೆಯೇ. ಗಾಣದ ಬೀದಿಯ ಸಾವಿತ್ರಮ್ಮನವರಂತೂ ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಬಿಸಿಲಲ್ಲಿ ಬಂದಿದೆ ಪಾಪ ಎಂದು ಒಂದು ಚೊಂಬು ನೀರು ಹುಯ್ದರು.

ಡಾಕ್ಟರಮ್ಮ ಸೂಜಿ ಹಿಡಿದು ಕಮೋಡಿನ ಸುತ್ತ ಒಂದು ಪ್ರದಕ್ಷಿಣೆ ಬಂದರು. "ಗುರುಮಲ್ಲಪ್ಪ, ಇದಕ್ಕೆ ಎಲ್ಲಿ ಚುಚ್ಚಲಿ?" ಎಂದು ಕೇಳಿದರು. ಅವನಿಗೂ ಅದು ಹೊಳೆದಿರಲಿಲ್ಲ. ಅವರು ಸೂಜಿಯನ್ನು ಟ್ರೇಯಲ್ಲಿಟ್ಟು, ಕಮೋಡಿನಿಂದ ಇದು ಬರುವುದಿಲ್ಲ, ಸೀಟಿನಿಂದ ಬರುವುದಿಲ್ಲ, ಬಿಸಿಲಿನಿಂದ ಬರುವುದಿಲ್ಲ, ನಿಮ್ಮ ಹೆಂಡತಿಯನ್ನು ಯಾಕೆ ಕರೆತರಲಿಲ್ಲ ಎಂದು ತಗ್ಗಿದ ದನಿಯಲ್ಲಿ ಕೇಳಿದರು. ಅವಳು ಗುಂಡುಕಲ್ಲಿನ ಹಾಗಿದ್ದಾಳೆ ಮೇಡಂ, ಅವಳಿಗೇನೂ ಇಲ್ಲ ಎಂದು ಹೇಳಿ ಗುರುಮಲ್ಲ ಕಮೋಡನ್ನು ವಾಪಸು ತಳ್ಳಿಕೊಂಡು ಹೋದ. ಹೋಗುವ ದಾರಿಯಲ್ಲಿ ಅದಕ್ಕೆ ಯಾರೂ ಕೈ ಮುಗಿಯಲಿಲ್ಲ. ತನ್ನದಲ್ಲದ್ದಕ್ಕೆ ಅಷ್ಟು ದೂರ ಬಂದು ಹೋಯಿತಲ್ಲ ಎಂದು ನನಗೆ ಅದರ ಮೇಲೆ ಕನಿಕರವಾಯಿತು.

ಆ ದಿನ ಪ್ರಭಾಮಣಿ ಹುಳಿಗೆ ಉಪ್ಪು ಹಾಕುವುದನ್ನು ಮರೆತಳು. ಅವಳು ಉಪ್ಪು ಮರೆತದ್ದನ್ನು ನಾನು ಕಂಡಿರಲಿಲ್ಲ. ಊಟವಾದ ಮೇಲೆ ಎಲೆ ಎತ್ತುತ್ತಾ, "ಅತ್ತಿಗೆ, ಬಿಸಿಲಿನ ಉಷ್ಣಕ್ಕೆ ಗಂಡಸರು ಚಡ್ಡಿ ಒಗೀತಾರಾ?" ಅಂದಳು. ಮರುದಿನ ಬೆಳಿಗ್ಗೆ ಇಬ್ಬರೂ ಆಸ್ಪತ್ರೆಗೆ ಹೋದೆವು.

ಡಾಕ್ಟರಮ್ಮ ಗುರುಮಲ್ಲನ ಹೆಸರೆತ್ತಲಿಲ್ಲ. ಬಸುರಿಯರಿಗೆ ಮಾಡುವ ಪರೀಕ್ಷೆ ಎಂದು ಒಳಗೆ ಕರೆದು ಎಲ್ಲ ಮಾಡಿದರು. ಫಲಿತಾಂಶ ಬಂದ ದಿನ ನಾನು ಹೊರಗೆ ಕೂರುತ್ತೇನೆಂದರೂ ಪ್ರಭಾಮಣಿ ನನ್ನ ಸೆರಗು ಬಿಡಲಿಲ್ಲ. ಡಾಕ್ಟರಮ್ಮ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು ಹೇಳಿದರು. "ಇದರ ಹೆಸರು ಗೊನೊರಿಯಾ. ಮೈಗೆ ಮೈ ಕೂಡಿದಾಗ ಒಬ್ಬರಿಂದ ಒಬ್ಬರಿಗೆ ಬರೋ ಸೋಂಕು. ಗಂಡಸರಿಗೆ ಸಾಮಾನ್ಯವಾಗಿ ಉರಿ, ಕೀವು ಬಂದು ಗೊತ್ತಾಗುತ್ತೆ. ಹೆಂಗಸರಲ್ಲಿ ತುಂಬಾ ಜನಕ್ಕೆ ಏನೂ ಗೊತ್ತಾಗಲ್ಲ. ಗರ್ಭಕೋಶದ ಬಾಯಲ್ಲಿ ಸದ್ದಿಲ್ಲದೆ ಕೂತಿರುತ್ತೆ. ಹೆರಿಗೆ ಹೊತ್ತಲ್ಲಿ ಮಗುವಿನ ಕಣ್ಣಿಗೆ ತಗುಲಬಹುದು, ನೋಡಿಕೊಳ್ಳದೆ ಬಿಟ್ಟರೆ ಕಣ್ಣೇ ಹೋಗಬಹುದು. ಈಗಲೇ ಮದ್ದು ತೆಗೆದುಕೊಂಡರೆ ಹೆದರಬೇಕಾಗಿಲ್ಲ."

ಪ್ರಭಾಮಣಿ ಅಳಲಿಲ್ಲ. ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟುಕೊಂಡು, ಈಗಲೇ ಕೊಟ್ಟುಬಿಡಿ ಅಂದಳು. ಡಾಕ್ಟರಮ್ಮ ಬಾಗಿಲಾಚೆ ಕಾಣುತ್ತಿದ್ದ ಬೆಂಚಿನತ್ತ ನೋಡಿದರು. ಎಡಗಡೆ ಖಾಲಿಯಿತ್ತು. ಕೊಡಬಲ್ಲೆ, ಆದರೆ ನಿಮ್ಮೂರಲ್ಲಿ ಅದು ಹಿಡಿಯುವುದಿಲ್ಲವಲ್ಲ ಎಂದಾಗ ಅವರ ದನಿಯೂ ಸಣ್ಣದಾಗಿತ್ತು. ನನಗಂತೂ ರಕ್ತ ಕುದಿಯಿತು. ಈಗಲೇ ಹೋಗಿ ಅವನ ಕುತ್ತಿಗೆಗೆ ಹಗ್ಗ ಹಾಕಿ ಎಳೆತರುತ್ತೇನೆ ಎಂದೆದ್ದೆ. ಪ್ರಭಾಮಣಿ ನನ್ನ ಕೈ ಹಿಡಿದು ಕೂರಿಸಿದಳು. ಎಳೆತಂದರೆ ಬೆಂಚಿನ ಮೇಲೂ ನಂದಲ್ಲ ಅನ್ನುತ್ತಾರೆ ಅತ್ತಿಗೆ, ಹಾಗಂದರೆ ಮದ್ದು ಹಿಡಿಯಲ್ಲ, ನಿದ್ದೆಯಲ್ಲಿ ಹೊತ್ತು ತರಲು ಅವರೇನು ಮಗುವಾ ಅಂದಳು.

ಮನೆಗೆ ಬಂದು ಅವಳು ಮುಖ ತೊಳೆದು ಕುಂಕುಮ ಇಟ್ಟುಕೊಂಡಳು, ತಟ್ಟೆಯಲ್ಲಿ ಎಲೆ ಅಡಿಕೆ ಬಾಳೆಹಣ್ಣು ಜೋಡಿಸಿದಳು. ಗುರುಮಲ್ಲ ಆಟೊ ನಿಲ್ಲಿಸಿಕೊಂಡು ಹಾರ್ನ್ ಒರೆಸುತ್ತಿದ್ದ. ಅವಳು ತಟ್ಟೆಯನ್ನು ಅವನ ಕೈಗೆ ಕೊಡಲಿಲ್ಲ. ಆಟೊದೊಳಗೆ, ಮೈಕಿನ ಪಕ್ಕ ಇಟ್ಟಳು. ಅದರ ಅರ್ಥ ಊರಿಗೆಲ್ಲ ಗೊತ್ತು. ಕೂಗಿಸುವವರು ಅಲ್ಲಿ ತಟ್ಟೆ ಇಟ್ಟರೆಂದರೆ ಕೂಗಲೇಬೇಕು. ತನ್ನ ಕಸುಬಿನಲ್ಲಿ ಗುರುಮಲ್ಲ ಒಂದು ತಟ್ಟೆಯನ್ನೂ ಹಿಂದಕ್ಕೆ ಕಳಿಸಿದವನಲ್ಲ.

"ನನಗೆ ಗೊನೊರಿಯಾ ಆಗಿದೆ ರೀ. ಮಗು ಕಣ್ಣಿಗೆ ಅಪಾಯ ಅಂತೆ. ಕೊಟ್ಟವರು ಬೆಂಚಿಗೆ ಬರಬೇಕು ಅಂತ ಕೂಗಿ," ಅಂದಳು.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗೆ ಅವನು, ನಂದಲ್ಲ ಮಣಿ, ಆ ಛತ್ರದ ಕಮೋಡು ಎಂದು ಶುರುಮಾಡಿದ. ಅವಳು ಅವನನ್ನೇ ನೋಡಿದಳು. "ನಿಮ್ಮದು ಅಂತ ನಾನು ಅಂದ್ನಾ? ಕೂಗೋದು ನಿಮ್ಮ ಕೆಲಸ. ಬರೋದು ಬಿಡೋದು ಕೊಟ್ಟವರಿಗೆ ಬಿಟ್ಟದ್ದು." ಅಷ್ಟು ಹೇಳಿ, ಬೆಂಚಿನ ಮೇಲೆ ಕಾಯುತ್ತಿರುತ್ತೇನೆಂದು ನನ್ನನ್ನು ಕರೆದುಕೊಂಡು ಹೊರಟೇಬಿಟ್ಟಳು.

ನಾವು ಆಸ್ಪತ್ರೆ ತಲುಪುವ ಹೊತ್ತಿಗೆ ಆಟೊ ಹೊರಟ ಸದ್ದು ಕೇಳಿಸಿತು. ಮೊದಲ ಬೀದಿಯಲ್ಲಿ ಅವನು ವಾಲ್ಯೂಮು ತಗ್ಗಿಸಿ, ಮೂಗಿನೊಳಗೇ ಗುಣುಗುಣು ಅಂದನಂತೆ. ಆದರೆ ನಮ್ಮೂರ ಜನ ಎಂಥವರು. ಗುರುಮಲ್ಲ, ಕೇಳಿಸ್ತಿಲ್ಲ, ಗಟ್ಟಿಯಾಗಿ ಹೇಳಪ್ಪ, ಯಾರೋ ಪಾಪ ಕಾಯ್ತಿರ್ತಾರೆ ಎಂದು ಆಟೊ ನಿಲ್ಲಿಸಿದರು. ಒಬ್ಬರು ತಾವಾಗಿಯೇ ಒಳಗೆ ಕೈ ಹಾಕಿ ವಾಲ್ಯೂಮು ಏರಿಸಿಕೊಟ್ಟರು. ಆಮೇಲೆ ಬೇರೆ ದಾರಿಯಿರಲಿಲ್ಲ. "ಮಹಾಜನಗಳೇ, ಹುಣಸೆಮರದ ಬೀದಿಯ ಪ್ರಭಾಮಣಿಗೆ ಗೊನೊರಿಯಾ ಆಗಿದೆ. ಕೊಟ್ಟವರು ಯಾರೇ ಆಗಿರಲಿ..." ಬೆಂಚಿನ ಮೇಲೆ ಕೂತಿದ್ದ ನಮಗೂ ಅದು ಗಾಳಿಯಲ್ಲಿ ಬಂದು ಮುಟ್ಟಿತು. ಕೊನೆಯ ಮಾತನ್ನು ಅವನು ಯಾವತ್ತಿನ ಹಾಗೆ ಎಳೆಯಲಿಲ್ಲ.

ಈಗ ಒಂದು ಎಡವಟ್ಟಾಯಿತು. ಗೊನೊರಿಯಾ ಅಂದರೇನೆಂದು ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಹೊಸ ಥರದ ನೆಗಡಿಯಿರಬೇಕು ಅಂದುಕೊಂಡರು. ಬಸುರಿ ಹೆಂಗಸು ಕಾಯುತ್ತಿದ್ದಾಳೆ, ನಮ್ಮಿಂದಲೇ ಹೋಗಿದ್ದರೆ ಎಂದು ಎಲ್ಲರಿಗೂ ಕಸಿವಿಸಿಯಾಯಿತು. ಮೊದಲು ಬಂದವರು ನಿವೃತ್ತ ಹೆಡ್‌ಮಾಸ್ತರು ಚೆನ್ನವೀರಯ್ಯನವರು. ಕಳೆದ ವಾರ ಅಂಗಡಿಯಲ್ಲಿ ಪ್ರಭಾಮಣಿ ಪಕ್ಕದಲ್ಲಿ ನಿಂತು ಸೀನಿದ್ದೆ, ನನ್ನದೇ ಇರಬೇಕಮ್ಮ, ಕ್ಷಮಿಸು ಎಂದು ಮುಂಡಾಸು ತೆಗೆದು ಎಡಕ್ಕೆ ಕೂತರು. ಅವರ ಹಿಂದೆ ಹೂವಿನ ದಾಕ್ಷಾಯಿಣಿ ಬಂದಳು. ಆಮೇಲೆ ಹಿಟ್ಟಿನ ಗಿರಣಿಯವನು, ಬಳೆ ತೊಡಿಸಿದವನು, ಸೀಮಂತದಲ್ಲಿ ಒಂದೇ ಲೋಟದಲ್ಲಿ ಮಜ್ಜಿಗೆ ಕುಡಿದಿದ್ದೆ ಎಂದುಕೊಂಡು ಸಾವಿತ್ರಮ್ಮನವರು. ಬೆಂಚು ತುಂಬಿ ಜನ ನಿಂತುಕೊಂಡರು. ನಂದು, ಇಲ್ಲ ನಂದು ಎಂದು ಒಬ್ಬರ ಮೇಲೊಬ್ಬರು ಬಿದ್ದು ಒಪ್ಪಿಕೊಳ್ಳುತ್ತಿದ್ದರು. ಕೊಟ್ಟವನೊಬ್ಬ ಬಿಟ್ಟು ಊರಿಗೆ ಊರೇ ಬಂದು ಕೂತಿತ್ತು. ಪ್ರಭಾಮಣಿಯ ಕಣ್ಣಲ್ಲಿ ಆಗ ನೀರು ಬಂತು.

ಗದ್ದಲಕ್ಕೆ ಡಾಕ್ಟರಮ್ಮ ಹೊರಬಂದರು. ವಿಷಯ ತಿಳಿದು ಹಣೆ ಒತ್ತಿಕೊಂಡರು. ಆಮೇಲೆ ಪ್ರಭಾಮಣಿಯನ್ನು ಕಣ್ಣಲ್ಲೇ ಕೇಳಿ, ಅವಳು ತಲೆಯಾಡಿಸಿದ ಮೇಲೆ, ಹಜಾರದ ನಡುವೆ ನಿಂತು ಪಾಠ ಹೇಳುವವರ ಹಾಗೆ ಎಲ್ಲವನ್ನೂ ಬಿಚ್ಚಿ ಹೇಳಿದರು. ಇದು ಸೀನಿದರೆ ಬರುವುದಿಲ್ಲ, ಲೋಟದಿಂದ ಬರುವುದಿಲ್ಲ, ಕೈ ಮುಟ್ಟಿದರೆ ಬರುವುದಿಲ್ಲ. ಸೋಂಕು ಇರುವವರ ಜೊತೆ ಮಲಗಿದರೆ ಬರುತ್ತದೆ ಅಂದರು. ಹೆಡ್‌ಮಾಸ್ತರಿಗೆ ಕಿವಿ ಮಂದ. ಪಕ್ಕದಲ್ಲಿ ಮಲಗಿದರೆ ಬರುತ್ತದೆಯೇ, ಛತ್ರದಲ್ಲಿ ಎಲ್ಲರೂ ಜಮಖಾನೆಯ ಮೇಲೆ ಮಲಗಿದ್ದೆವಲ್ಲ ಎಂದು ಕೇಳಿದರು. ಡಾಕ್ಟರಮ್ಮ ಇನ್ನೂ ಸ್ಪಷ್ಟವಾಗಿ ಹೇಳಿದರು. ಗಂಡು ಹೆಣ್ಣು ಕೂಡುವುದು ಎಂದು ಬಿಡಿಬಿಡಿಯಾಗಿ, ಯಾವ ಯಾವ ರೀತಿ ಕೂಡಿದರೂ ಬರಬಹುದೆಂದು ಸಹ ಹೇಳಿದರು. ಹೆಡ್‌ಮಾಸ್ತರು ಬೆಂಚಿಗೆ ಬೆಂಕಿ ಬಿದ್ದ ಹಾಗೆ ಎದ್ದರು. ಹಾಗಾದರೆ ನನ್ನದಲ್ಲಮ್ಮ, ಖಂಡಿತ ನನ್ನದಲ್ಲ ಎಂದು ಮುಂಡಾಸು ಉಲ್ಟಾ ಸುತ್ತಿಕೊಂಡು ನಡೆದರು. ಬಳೆಯವನು, ಗಿರಣಿಯವನು ಒಬ್ಬರ ಹಿಂದೊಬ್ಬರು ಜಾರಿದರು. ಸಾವಿತ್ರಮ್ಮನವರು ಮಾತ್ರ ಹೋಗುವಾಗ ಪ್ರಭಾಮಣಿಯ ತಲೆ ನೇವರಿಸಿ ಹೋದರು.

ಹಜಾರ ಬರಿದಾಯಿತು. ಬೆಂಚಿನ ಬಲತುದಿಯಲ್ಲಿ ಅವಳೊಬ್ಬಳು. ಊರಿಗೆಲ್ಲ ಈಗ ಎಲ್ಲ ಗೊತ್ತಾಗಿತ್ತು, ಕೊಟ್ಟವರು ಯಾರಿರಬಹುದೆಂದು ಸಹ. ಆದರೂ ಆ ದನಿ ಬೀದಿಯಿಂದ ಬೀದಿಗೆ ಸುತ್ತುತ್ತಲೇ ಇತ್ತು. ಗಾಣದ ಬೀದಿ, ಕುಂಬಾರಗೇರಿ, ನಾಲೆಯ ಏರಿ. ಕೊಟ್ಟವರು ಯಾರೇ ಆಗಿರಲಿ, ಯಾರೇ ಆಗಿರಲಿ ಎಂದು ತನ್ನನ್ನು ತಾನೇ ಊರೆಲ್ಲ ಹುಡುಕುತ್ತಿದ್ದ ಹಾಗೆ. ಅವನ ಮೇಲೆ ನನಗೆ ಅಷ್ಟು ಸಿಟ್ಟಿತ್ತು, ಆದರೂ ಎದ್ದು ಕಿಟಕಿಗೆ ಹೋಗಿ ಆ ದನಿಗೆ ಕಿವಿಗೊಟ್ಟೆ. ಒಡಹುಟ್ಟಿದವನು ನೋಡಿ. ಪ್ರಭಾಮಣಿ ಬಾಗಿಲನ್ನೇ ನೋಡುತ್ತಿದ್ದಳು.

ಆಮೇಲೆ ದನಿ ಆಸ್ಪತ್ರೆಯ ಬೀದಿಗೆ ತಿರುಗಿತು. ಗೇಟಿನ ಹತ್ತಿರ ಬಂದು ನಿಂತಿತು. ಮೈಕು ಇನ್ನೂ ಅವನ ಕೈಯಲ್ಲಿತ್ತು. "ಮಹಾಜನಗಳೇ," ಅಂದ. ಮೈಕು ಕರಕರ ಅಂದಿತು. "ಪ್ರಭಾಮಣಿಗೆ ಕೊಟ್ಟದ್ದು ನಾನು. ಗುರುಮಲ್ಲ. ಬೆಂಚಿಗೆ ಬರ್ತಾ ಇದ್ದೀನಿ." ಆಮೇಲೆ ಇನ್ನೂ ಸಣ್ಣ ದನಿಯಲ್ಲಿ, "ನನಗೆ ಕೊಟ್ಟವರು ನಾಲೆಯಾಚೆ ಇದ್ದಾರೆ. ಅವರೂ ದಯಮಾಡಿ ಬರಬೇಕು. ಬೈಗುಳ ಇಲ್ಲ, ಕಾಫಿ ಉಂಟು." ಮೈಕು ಆರಿತು.

ಅವನು ಬಂದು ಎಡಕ್ಕೆ ಕೂತ. ಅವಳ ಮುಖ ನೋಡಲಿಲ್ಲ. ಮಗೂಗೆ ಏನೂ ಆಗಲ್ಲ ಅಲ್ವಾ ಎಂದು ಡಾಕ್ಟರಮ್ಮನನ್ನು ಕೇಳಿದ. ಆ ಪ್ರಶ್ನೆಯನ್ನು ಕಮೋಡು ಹೊರುವ ಮುಂಚೆ ಕೇಳಬೇಕಿತ್ತು ಎಂದು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಬೆಂಚಿನ ಮರ್ಯಾದೆ ನೆನೆದು ನುಂಗಿಕೊಂಡೆ. ಹೊಟ್ಟೆ ಉಬ್ಬರಿಸಿತು.

ಕೂಗು ಬಾಯಿಂದ ಬಾಯಿಗೆ ನಾಲೆ ದಾಟಿತಂತೆ, ಇಳಿಹೊತ್ತಿನಲ್ಲಿ ವಿಮಲಾಕ್ಷಿ ಬಂದಳು. ಛತ್ರದಲ್ಲಿ ಮದುಮಗಳಿಗೆ ಅಲಂಕಾರ ಮಾಡುವವಳು. ಕೈಯಲ್ಲಿ ಅವಳ ಪೌಡರು, ಹೂವು, ಪಿನ್ನುಗಳ ಪೆಟ್ಟಿಗೆ ಹಾಗೇ ಇತ್ತು, ಅರ್ಧ ಜಡೆ ಹೆಣೆದ ಮದುಮಗಳನ್ನು ಬಿಟ್ಟು ಬಂದಿದ್ದಳಂತೆ. ಬಾಗಿಲಲ್ಲೇ ನಿಂತು, ನನಗೇನೂ ತೊಂದರೆಯೇ ಆಗಿರಲಿಲ್ಲ, ನನ್ನಲ್ಲಿ ಇದೆ ಅಂತಲೇ ಗೊತ್ತಿರಲಿಲ್ಲ ಅಂದಳು. ನಾನು ಪ್ರಭಾಮಣಿಯನ್ನು ನೋಡಿದೆ. ಅವಳು ವಿಮಲಾಕ್ಷಿಯ ಕಾಲಿನ ಧೂಳನ್ನೇ ನೋಡಿದಳು. ಆಮೇಲೆ ಎದ್ದು, ಭಾರದ ಹೊಟ್ಟೆ ಹೊತ್ತುಕೊಂಡು ಒಳಗೆ ಹೋಗಿ, ಒಂದು ಲೋಟ ಕಾಫಿ ತಂದು ಅವಳ ಕೈಗೆ ಕೊಟ್ಟಳು. "ಆ ಕಡೆ ಕೂತ್ಕೊಳ್ಳಿ. ನನಗೆ ನಿಮ್ಮ ಮುಖ ನೋಡಕ್ಕೆ ಆಗಲ್ಲ. ಮಗು ಕಣ್ಣು ಉಳೀಲಿ," ಅಂದಳು. ವಿಮಲಾಕ್ಷಿ ಗುರುಮಲ್ಲನ ಎಡಕ್ಕೆ ಕೂತಳು. ಡಾಕ್ಟರಮ್ಮ ಮೂವರಿಗೂ ಒಬ್ಬರಾದ ಮೇಲೊಬ್ಬರಿಗೆ ಚುಚ್ಚಿದರು. ಗುರುಮಲ್ಲ ಆ ಆಟೊ ಸೀಟಿನಷ್ಟೂ ಗಟ್ಟಿಯಿರಲಿಲ್ಲ, ಹಾ ಅಂದ.

ವಿಮಲಾಕ್ಷಿಗೆ ಕೊಟ್ಟವರನ್ನು ಮರುದಿನ ಕೂಗಬೇಕಾಯಿತು, ಅವರಿಗೆ ಕೊಟ್ಟವರನ್ನು ಅದರ ಮರುದಿನ. ಬೇಸಿಗೆಯಲ್ಲಿ ಮಫ್ಲರ್ ಸುತ್ತಿಕೊಂಡವರು ಎಷ್ಟೋ ಜನ ಬಂದು ಕೂತರು. ಸ್ಕೂಲಿನಿಂದ ಎರಡು ಬೆಂಚು ಸಾಲ ತರಬೇಕಾಯಿತು. ಯಾರ್ಯಾರೆಂದು ಕೇಳಬೇಡಿ, ಬೆಂಚಿನ ಮೇಲೆ ಕಂಡದ್ದನ್ನು ಬೆಂಚಿನ ಮೇಲೇ ಬಿಟ್ಟು ಬರಬೇಕು. ನಮ್ಮ ಮನೆಯ ಕಥೆಯನ್ನು ಹೇಳಬಹುದು ಎಂದು ಪ್ರಭಾಮಣಿಯೇ ಅಪ್ಪಣೆ ಕೊಟ್ಟಿದ್ದಾಳೆ. ಒಮ್ಮೆ ವಾಸಿಯಾಯಿತೆಂದು ಮೆರೆಯಬೇಡಿ, ಮತ್ತೆ ಹಾಗೇ ಮಾಡಿದರೆ ಮತ್ತೆ ಬರುತ್ತದೆ ಎಂದು ಡಾಕ್ಟರಮ್ಮ ಎಲ್ಲರ ಕೈಗೂ ನಿರೋಧ್ ಪೊಟ್ಟಣ ಕೊಟ್ಟರು. ನಮ್ಮ ಜನ ಏನೇ ಕೊಟ್ಟರೂ ಪದ್ಧತಿಗೆ ಸೇರಿಸಿಕೊಳ್ಳುತ್ತಾರೆ. ಈಗ ತಾಂಬೂಲದ ತಟ್ಟೆಯಲ್ಲಿ ಎಲೆ, ಅಡಿಕೆ, ಬಾಳೆಹಣ್ಣಿನ ಪಕ್ಕ ಅದೂ ಒಂದಿರುತ್ತದೆ. ಹೆಡ್‌ಮಾಸ್ತರನ್ನು ಕೆಮ್ಮಿಗೆ ಕರೆಯಲು ಹೋದರೂ ಇಟ್ಟುಕೊಂಡೇ ಹೋಗುತ್ತಾರೆ. ಅವರು ಅದನ್ನು ಕಣ್ಣಿಗೊತ್ತಿಕೊಂಡು ದೇವರ ಗೂಡಿನಲ್ಲಿ ಇಡುತ್ತಾರೆ.

ಇನ್ನು ಗುರುಮಲ್ಲ. ಬೈಗುಳ ಇಲ್ಲ ಅನ್ನುವುದು ಬೆಂಚಿನ ಮೇಲಿನ ಮಾತು, ಮನೆಯ ಹೊಸ್ತಿಲು ದಾಟಿದ ಮೇಲೆ ಬೈಗುಳಕ್ಕೆ ಬರವಿರಲಿಲ್ಲ. ಪ್ರಭಾಮಣಿ ಬೈದಳು, ಅವಳಿಗೆ ಸುಸ್ತಾದಾಗ ನಾನು ಬೈದೆ. ಅವನ ಚಾಪೆ ಜಗಲಿಗೆ ಹೋಯಿತು. ಅವನು ಅಲ್ಲೇ ಉಂಡ, ಅಲ್ಲೇ ಮಲಗಿದ, ನಮ್ಮ ಮೂವರ ಬಟ್ಟೆಯನ್ನೂ ಒಗೆದ. ಈ ಸಲ ನಾನು ಮೆಚ್ಚಿಕೊಳ್ಳಲಿಲ್ಲ. ಪ್ರಭಾಮಣಿ ಅವನನ್ನು ನೋಡಿ ನಗುವುದಿರಲಿ, ಅವನ ಎದುರು ನಗುವುದನ್ನೇ ಬಿಟ್ಟಳು. ಮನೆಯಲ್ಲಿ ಪಾತ್ರೆ ಬಿದ್ದ ಸದ್ದು ಕೇಳಿಸಿದರೆ, ಅದು ಪಾತ್ರೆಯೇ ಆಗಿರುತ್ತಿತ್ತು.

ಮಗಳು ಹುಟ್ಟಿದಳು. ಡಾಕ್ಟರಮ್ಮ ಮೊದಲು ಅವಳ ರೆಪ್ಪೆ ಬಿಡಿಸಿ ನೋಡಿ, ಕಣ್ಣಿಗೆ ಮದ್ದು ಹಚ್ಚಿ, ನಮ್ಮ ಕಡೆ ತಿರುಗಿ ನಕ್ಕರು. ಕರೀ ದ್ರಾಕ್ಷಿಯಂಥ ಕಣ್ಣು, ಎರಡೂ ಚೊಕ್ಕ. ನಾನು ಆಸ್ಪತ್ರೆಯ ಗೋಡೆಗೆ ಒರಗಿಕೊಂಡು ಅತ್ತುಬಿಟ್ಟೆ.

ಬಾಣಂತನದ ನಡುವೆ ಒಂದು ಬೆಳಿಗ್ಗೆ ತೊಟ್ಟಿಲಲ್ಲಿ ಮಗು ಸೀನಿತು. ಸಣ್ಣ ಸೀನು. ಆಮೇಲೆ ಇನ್ನೊಂದು. ಮೂಗಿನ ತುದಿಯಲ್ಲಿ ನೀರಿನ ಹನಿ. ನಮ್ಮೂರಿನಲ್ಲಿ ಸೀನಿನ ಹಿಂದೆಯೇ ಬರುವ ಪ್ರಶ್ನೆಯನ್ನು ಪ್ರಭಾಮಣಿ ಕೇಳಿದಳು, ಯಾರದು ಎಂದು. ನೆಗಡಿ ನನ್ನದು, ಎರಡು ದಿನದಿಂದ ಸೆರಗಿಗೆ ಮೂಗು ಒರೆಸಿಕೊಳ್ಳುತ್ತಿದ್ದೆ. ಹೇಳಲೆಂದು ನಾನು ಬಾಯಿ ತೆರೆಯುವಷ್ಟರಲ್ಲಿ ಜಗಲಿಯ ಬಾಗಿಲಲ್ಲಿ ಗುರುಮಲ್ಲ ಕಾಣಿಸಿಕೊಂಡ. ಕೈಯಲ್ಲಿ ಹಿಂಡುತ್ತಿದ್ದ ಮಗುವಿನ ಲಂಗೋಟಿ, ಮೊಣಕೈವರೆಗೆ ಸೋಪಿನ ನೊರೆ. ಅವನ ಮೂಗು ಬೇಸಿಗೆಯ ಬಾವಿಯ ಹಾಗೆ ಒಣಗಿತ್ತು.

"ನಂದು," ಅಂದ.

ಪ್ರಭಾಮಣಿ ಅವನ ಮೂಗನ್ನು ನೋಡಿದಳು, ನನ್ನ ಸೆರಗನ್ನು ನೋಡಿದಳು. ಆಮೇಲೆ ಒಳಮನೆಯಲ್ಲಿ ಅಟ್ಟದ ಪಾತ್ರೆಗಳೆಲ್ಲ ಒಟ್ಟಿಗೆ ಬಿದ್ದ ಹಾಗೆ ಸದ್ದಾಯಿತು, ಮಗು ಬೆಚ್ಚಿ ಕಣ್ಣರಳಿಸಿ ಅವಳನ್ನೇ ನೋಡಿತು.

"ನಿಮ್ಮದಲ್ಲ ರೀ, ಅತ್ತಿಗೇದು," ಅಂದಳು. "ಆದ್ರೂ ನಡೀರಿ, ಬೆಂಚಿಗೆ ಎಲ್ಲಾರೂ ಹೋಗೋಣ."